ಮನೆಯಲ್ಲಿ ಸಾಣೆ ಹಿಡಿದ ಕಲ್ಲು

ಕಲ್ಲು ಕೊಯ್ಯುವ ವಜ್ರದ ಬ್ಲೇಡಿಗೆ ಹಲ್ಲುಗಳಿರುವುದಿಲ್ಲ. ಮರದ ಗರಗಸ ನೋಡಿ ಅಭ್ಯಾಸವಾದವರಿಗೆ ಇದು ಮೊದಲು ವಿಚಿತ್ರವೆನಿಸುತ್ತದೆ. ತೆಳುವಾದ ಉಕ್ಕಿನ ತಗಡಿನ ಅಂಚಿಗೆ ವಜ್ರದ ಪುಡಿಯನ್ನು ಲೋಹದೊಡನೆ ಬೆರೆಸಿ ಕೂರಿಸಿರುತ್ತಾರೆ. ತಗಡು ತಿರುಗಿದ ಹಾಗೆ ಆ ಪುಡಿ ಕಲ್ಲನ್ನು ಗೀರುತ್ತ ಒಳಗೆ ದಾರಿ ಮಾಡಿಕೊಳ್ಳುತ್ತದೆ. ಕೊಯ್ಯುವುದು, ಆಕಾರ ಕೊಡುವುದು, ನಯಗೊಳಿಸುವುದು ಎಂದು ನಾವು ಬೇರೆ ಬೇರೆ ಹೆಸರಿಡುವ ಕೆಲಸಗಳೆಲ್ಲ ಇಲ್ಲಿ ಒಂದೇ ಕ್ರಿಯೆಯ ಹಂತಗಳು: ಗಟ್ಟಿಯಾದದ್ದರಿಂದ ಮೆದುವಾದದ್ದನ್ನು ಗೀರುವುದು, ಆ ಗೀರನ್ನು ಇನ್ನೂ ಸಣ್ಣ ಗೀರಿನಿಂದ ಅಳಿಸುವುದು, ಕಣ್ಣಿಗೆ ಗೀರು ಕಾಣದಾಗುವವರೆಗೆ ಹೀಗೆಯೇ ಮುಂದುವರಿಯುವುದು. ಇಷ್ಟನ್ನು ಹಿಡಿದುಕೊಂಡರೆ ಈ ವಿದ್ಯೆಯ ಅರ್ಧ ಗೊಂದಲ ಕಳೆಯುತ್ತದೆ. ಉಳಿದರ್ಧ ಗೊಂದಲ, ಬಿರುಕುಬಿಟ್ಟ ಅಥವಾ ಪುಡಿಯಾಗುವ ಕಲ್ಲಿಗೆ ರಾಳ ಕುಡಿಸುವ ವಿಚಾರದ್ದು. ಅದಕ್ಕೆ ಆಮೇಲೆ ಬರೋಣ.

ಯಾವುದು ಯಾವುದನ್ನು ಗೀರುತ್ತದೆ ಎಂಬುದಕ್ಕೆ ಜರ್ಮನ್ ಖನಿಜಶಾಸ್ತ್ರಜ್ಞ ಫ್ರೀಡ್ರಿಕ್ ಮೋಸ್ 1812ರಲ್ಲಿ ಒಂದರಿಂದ ಹತ್ತರವರೆಗಿನ ಪಟ್ಟಿ ಮಾಡಿಟ್ಟರು. ಬಳಪದ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕ್‌ಗೆ 1, ಬೆಣಚುಕಲ್ಲಿಗೆ 7, ಕುರಂದಕ್ಕೆ 9, ವಜ್ರಕ್ಕೆ 10. ಮಾಣಿಕ್ಯ, ನೀಲ ಎರಡೂ ಕುರಂದದ ಬಣ್ಣದ ರೂಪಗಳೇ. ಈ ಅಂಕಿಗಳ ನಡುವಿನ ಅಂತರ ಮಾತ್ರ ಸಮನಾದದ್ದಲ್ಲ. ಗಡಸುತನವನ್ನು ಉಪಕರಣದಿಂದ ಅಳೆದು ನೋಡಿದರೆ, ಕುರಂದದಿಂದ ವಜ್ರಕ್ಕಿರುವ ನೆಗೆತ ಟಾಲ್ಕ್‌ನಿಂದ ಕುರಂದಕ್ಕಿರುವ ದೂರಕ್ಕಿಂತ ದೊಡ್ಡದು. ವಜ್ರದ ಪುಡಿ ಉಳಿದೆಲ್ಲ ಕಲ್ಲುಗಳನ್ನೂ ಸಲೀಸಾಗಿ ತಿನ್ನುವುದು ಅದಕ್ಕೇ. ಮನೆಯಲ್ಲಿ ಕೆಲಸ ಮಾಡುವವರಿಗೆ ಗಮನದಲ್ಲಿರಬೇಕಾದ ಗಡಿ 7. ಮನೆಯ ಧೂಳಿನಲ್ಲಿ ಬೆಣಚಿನ ಕಣಗಳು ಇದ್ದೇ ಇರುತ್ತವೆ. ಅದಕ್ಕಿಂತ ಮೆದುವಾದ ಕಲ್ಲನ್ನು ಉಂಗುರಕ್ಕೆ ಕೂರಿಸಿದರೆ ಬಟ್ಟೆಯಿಂದ ಒರೆಸಿ ಒರೆಸಿಯೇ ಹೊಳಪು ಮಂಕಾಗುತ್ತದೆ. ಅಂಥದ್ದನ್ನು ಪದಕಕ್ಕೋ ಓಲೆಗೋ ಇಟ್ಟುಕೊಳ್ಳುವುದು ಮೇಲು.

ನಮ್ಮ ದೇಶದ ಸಾಣೆಗಾರರು ತಲೆಮಾರುಗಳಿಂದ ಬಳಸಿದ್ದು ಕುರಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಮಾಡಿದ ಚಕ್ರ. ಹಳೆಯ ಮೈಸೂರು ಸೀಮೆಯಲ್ಲಿ ಹಲವೆಡೆ ಕುರಂದ ಸಿಗುತ್ತಿತ್ತು, ಈಗಲೂ ಸಿಗುತ್ತದೆ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಸಿಲಿಕಾನ್ ಕಾರ್ಬೈಡ್ ಮಾಡಿದ ಮೇಲೆ ಕುರಂದಕ್ಕಿಂತ ಗಡುಸಾದ ಪುಡಿ ಅಗ್ಗವಾಗಿ ಸಿಗತೊಡಗಿತು. ಕಾರ್ಬೊರಂಡಂ ಎಂದು ಹಾರ್ಡ್‌ವೇರ್ ಅಂಗಡಿಗಳಲ್ಲಿ ಇವತ್ತಿಗೂ ಕೇಳಿ ಕೊಳ್ಳುವುದು ಅದನ್ನೇ. 1954ರ ಕೊನೆಯಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ ಕೃತಕ ವಜ್ರ ಕೈಗೂಡಿತು. ಅಲ್ಲಿಂದಾಚೆಗೆ ವಜ್ರದ ಪುಡಿಯ ಬೆಲೆ ಇಳಿಯುತ್ತಲೇ ಬಂದಿದೆ. ಇವತ್ತು ಟೈಲ್ಸ್ ಕೊಯ್ಯುವ ವಜ್ರದ ಬ್ಲೇಡು ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ನೇತಾಡುತ್ತಿರುತ್ತದೆ. ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ನಂತರ ಕಲ್ಲು ಕಡೆಯುವುದು ಮನೆಮನೆಯ ಹವ್ಯಾಸವಾಗಿ ಹಬ್ಬಿತು; 1947ರಲ್ಲಿ ಶುರುವಾದ ‘ಲ್ಯಾಪಿಡರಿ ಜರ್ನಲ್’ ಅದರ ಮುಖವಾಣಿಯೇ ಆಯಿತು. ನಮ್ಮಲ್ಲಿ ಹವ್ಯಾಸವಾಗಿ ಇದು ಬೇರೂರಿಲ್ಲ. ಕಸುಬಾಗಿ ಮಾತ್ರ ನಮ್ಮಷ್ಟು ಹಳಬರು ಕಡಿಮೆ ಎನ್ನಬಹುದು.

ಆ ಕಸುಬನ್ನು ನೋಡಬೇಕಾದರೆ ಗುಜರಾತಿನ ಖಂಭಾತ್‌ಗೆ ಹೋಗಬೇಕು. ರಾಜಪೀಪಲಾ ಕಡೆಯ ರತನ್‌ಪುರದ ಗಣಿಗಳಿಂದ ಬರುವ ಅಗೇಟ್ ಕಲ್ಲನ್ನು ಅಲ್ಲಿ ಮೊದಲು ಬಿಸಿಲಿಗೆ ಹರವುತ್ತಾರೆ. ಆಮೇಲೆ ಮಡಕೆಗಳಲ್ಲಿಟ್ಟು ನಿಧಾನವಾಗಿ ಕಾಯಿಸುತ್ತಾರೆ. ಕಲ್ಲಿನೊಳಗಿನ ಹಳದಿ ಕಬ್ಬಿಣದ ಅಂಶ ನೀರು ಕಳೆದುಕೊಂಡು ಹೆಮಟೈಟ್ ಆಗಿ ಮಾರ್ಪಡುತ್ತದೆ, ಮಾಸಲು ಕಲ್ಲು ಕೆಂಪು ಕಾರ್ನೀಲಿಯನ್ ಆಗುತ್ತದೆ. ಅವಸರದಲ್ಲಿ ಕಾಯಿಸಿದರೆ ಸೀಳುತ್ತದೆ. ನೆಲಕ್ಕೆ ಓರೆಯಾಗಿ ಹುಗಿದ ಮೊನಚು ಕಬ್ಬಿಣದ ಸಲಾಕೆಗೆ ಕಲ್ಲನ್ನು ಆನಿಸಿ ಹಿಡಿದು, ಎಮ್ಮೆಯ ಕೊಂಬಿನ ಸುತ್ತಿಗೆಯಿಂದ ತಟ್ಟಿ ಚಕ್ಕೆ ಎಬ್ಬಿಸುವ ಅವರ ವಿಧಾನ ಬೇರೆ ಕಡೆ ಕಾಣುವುದು ಅಪರೂಪ. ಏಟು ಬೀಳುವುದು ಒಂದು ಬದಿಗೆ, ಚಕ್ಕೆ ಏಳುವುದು ಸಲಾಕೆ ತಾಗಿದ ಇನ್ನೊಂದು ಬದಿಗೆ. ಮಣಿಗಳನ್ನು ಚರ್ಮದ ಚೀಲದಲ್ಲಿ ಉಜ್ಜುವ ಪುಡಿಯ ಜೊತೆ ತುಂಬಿ, ಇಬ್ಬರು ಎದುರುಬದುರು ಕೂತು ದಿನಗಟ್ಟಲೆ ಉರುಳಿಸುತ್ತಿದ್ದರು. ಇವತ್ತು ಆನ್‌ಲೈನಿನಲ್ಲಿ ಮಾರುವ ‘ರಾಕ್ ಟಂಬ್ಲರ್’ ಯಂತ್ರ ಮಾಡುವುದು ಇದನ್ನೇ.

ಖಂಭಾತ್‌ನ ಕುಶಲಿಗಳ ಜೊತೆ ಕೆಲಸ ಮಾಡಿದ ಪುರಾತತ್ವಜ್ಞ ಮಾರ್ಕ್ ಕೆನೋಯರ್, ಹರಪ್ಪದ ಕಾಲದ ಉದ್ದನೆಯ ಕಾರ್ನೀಲಿಯನ್ ಮಣಿಗಳಿಗೆ ತೂತು ಕೊರೆದದ್ದು ಹೇಗೆಂದು ಪ್ರಯೋಗ ಮಾಡಿ ನೋಡಿದರು. ಹರಪ್ಪದವರು ಬಳಸುತ್ತಿದ್ದ ಬಗೆಯ ವಿಶೇಷ ಕಲ್ಲಿನ ಬೈರಿಗೆಯಿಂದ ಕೊರೆದರೆ ಗಂಟೆಗೆ ಸುಮಾರು 2.5 ಮಿಲಿಮೀಟರ್ ಮಾತ್ರ ಇಳಿಯುತ್ತಿತ್ತು. ಒಂದೊಂದು ಮಣಿಗೆ ಹಲವು ದಿನಗಳ ದುಡಿಮೆ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1954ರ ಉತ್ಖನನದಲ್ಲಿ ಅಗೇಟ್, ಕಾರ್ನೀಲಿಯನ್ ಮಣಿಗಳು ದೊರೆತಿವೆ. ಪಾಲಿಶ್ ಬೇಗ ಬರಲಿಲ್ಲವೆಂದು ಚಡಪಡಿಸುವವರು ಆ ಬೈರಿಗೆಯ ಲೆಕ್ಕವನ್ನೊಮ್ಮೆ ನೆನೆಯಬಹುದು.

ಕಲ್ಲು ಎಲ್ಲಿಂದ ತರುವುದು? ಕರ್ನಾಟಕದ ಉತ್ತರದ ಜಿಲ್ಲೆಗಳಾದ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ಗಳ ಬಹುಭಾಗ ದಖ್ಖನ್ ಲಾವಾ ಹಾಸಿನ ಮೇಲಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಆರಿದ ಆ ಲಾವಾದಲ್ಲಿ ಅನಿಲದ ಗುಳ್ಳೆಗಳು ಬಿಟ್ಟ ಟೊಳ್ಳುಗಳಿದ್ದವು. ಸಿಲಿಕಾ ಕರಗಿದ ನೀರು ಅಲ್ಲಿ ಜಿನುಗಿ ಪದರಪದರವಾಗಿ ಕೂತದ್ದೇ ಅಗೇಟ್, ಚಾಲ್ಸೆಡೊನಿ. ಕಪ್ಪು ಕಲ್ಲು ಕರಗಿ ಮಣ್ಣಾದರೂ ಇವು ಕರಗುವುದಿಲ್ಲ, ಹೊಲದಲ್ಲೂ ಹಳ್ಳದ ಗರಸಿನಲ್ಲೂ ಉಳಿಯುತ್ತವೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಕಲ್ಲು ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಗಡಸುತನ ಹೆಚ್ಚುಕಡಿಮೆ 7, ಸೀಳುವ ದಿಕ್ಕುಗಳಿಲ್ಲ, ರಂಧ್ರ ಕಡಿಮೆ, ವಿಷವಿಲ್ಲ, ರಾಳ ಬೇಡ. ಸಂಡೂರಿನ ಕಡೆಯ ಕೆಂಪು ಜಾಸ್ಪರ್ ಪಟ್ಟೆಯ ಕಬ್ಬಿಣದ ಕಲ್ಲು ನೋಡಲು ಸೊಗಸು, ಆದರೆ ಹೆಮಟೈಟ್‌ನ ಕೆಂಪು ಬಗ್ಗಡ ಕೈ, ಬಟ್ಟೆ, ಗೋಡೆ ಯಾವುದನ್ನೂ ಬಿಡುವುದಿಲ್ಲ. ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡಬೇಕು: ಹಳೆಯ ಊರ ದಿಬ್ಬಗಳಲ್ಲಿ ಸಿಗುವ ಮಣಿಯಾಗಲಿ, ಚಕ್ಕೆಯಾಗಲಿ ಎತ್ತಿಕೊಳ್ಳುವ ವಸ್ತುವಲ್ಲ. ಅವು ಚರಿತ್ರೆಯ ದಾಖಲೆಗಳು, ಕಿಸೆಗೆ ಬಿದ್ದ ಕ್ಷಣ ಅವುಗಳ ಬೆಲೆ ಹೋಯಿತು.

ಕೊಯ್ಯುವ ಯಂತ್ರದ ಮಾತು. ದೊಡ್ಡ ಉಂಡೆಗಳನ್ನು ಸ್ಲ್ಯಾಬ್ ಮಾಡುವ ಯಂತ್ರದಲ್ಲಿ ಬ್ಲೇಡು ಖನಿಜ ಎಣ್ಣೆಯಲ್ಲಿ ಮುಳುಗಿ ತಿರುಗುತ್ತದೆ, ಕಲ್ಲನ್ನು ಕಚ್ಚಿ ಹಿಡಿದ ಇಕ್ಕಳ ತಾನಾಗಿಯೇ ಮುಂದೆ ಸರಿಯುತ್ತದೆ. ಎಣ್ಣೆಯ ಮಂಜು, ವಾಸನೆ, ಬೆಂಕಿಯ ಭಯ ಎಲ್ಲ ಸೇರಿ ಇದು ವಾಸದ ಮನೆಗೆ ಹೊಂದುವುದಿಲ್ಲ. 4ರಿಂದ 10 ಅಂಗುಲ ಬ್ಲೇಡಿನ, ನೀರಿನಲ್ಲಿ ಓಡುವ ಪುಟ್ಟ ‘ಟ್ರಿಮ್ ಸಾ’ ಹೊಂದುತ್ತದೆ. ಅದು ಸಿಗದವರು ಟೈಲ್ಸ್ ಕೊಯ್ಯುವ ಮೇಜಿನ ಯಂತ್ರದಿಂದ ಕೆಲಸ ನಡೆಸಬಹುದು. ಅದರ ಬ್ಲೇಡು ದಪ್ಪ, ಆದ್ದರಿಂದ ಒಂದೊಂದು ಕೊಯ್ತಕ್ಕೂ ಸುಮಾರು 2 ಮಿಲಿಮೀಟರ್ ಕಲ್ಲು ಬಗ್ಗಡವಾಗಿ ಹೋಗುತ್ತದೆ. ಅಗೇಟ್‌ನಲ್ಲಿ ಅದು ಚಿಂತೆಯಲ್ಲ, ಓಪಲ್‌ನಲ್ಲಿ ಚಿಂತೆಯೇ. ಅಂಚು ಸೀಳಿಲ್ಲದೆ ಇಡಿಯಾಗಿರುವ ಬ್ಲೇಡನ್ನೇ ಆರಿಸಬೇಕು, ಕಚ್ಚುಗಳಿರುವುದು ಕಲ್ಲಿನ ಅಂಚನ್ನು ಚಕ್ಕೆ ಎಬ್ಬಿಸುತ್ತದೆ.

ಕೈಯಲ್ಲಿ ಹಿಡಿಯುವ ಆ್ಯಂಗಲ್ ಗ್ರೈಂಡರಿನ ಬಗ್ಗೆ ನನಗೆ ಸಹನೆ ಕಡಿಮೆ. ನಿಮಿಷಕ್ಕೆ ಸುಮಾರು 11,000 ಸುತ್ತು ಹೊಡೆಯುವ ಅದನ್ನು ಒಣಗಾಗಿ ಓಡಿಸಿದರೆ ಧೂಳಿನ ಮೋಡ, ನೀರು ಸುರಿದು ಓಡಿಸಿದರೆ ವಿದ್ಯುತ್ ಆಘಾತದ ಅಪಾಯ. ಗುಂಡು ಕಲ್ಲನ್ನು ಕಾಲಲ್ಲಿ ಒತ್ತಿ ಹಿಡಿದು ಅದರಿಂದ ಕೊಯ್ಯುವ ವಿಡಿಯೊಗಳನ್ನು ನೋಡಿ ಕಲಿಯಬಾರದು. ನೀರು, ವಿದ್ಯುತ್ ಒಟ್ಟಿಗಿರುವ ಯಾವುದೇ ಯಂತ್ರಕ್ಕೆ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿರಲೇಬೇಕು. ಇದು ಎಲೆಕ್ಟ್ರಿಷಿಯನ್ನಿನ ಅರ್ಧ ದಿನದ ಕೆಲಸ.

ಕಲ್ಲನ್ನು ಮೊದಲು ನೀರಲ್ಲಿ ಅದ್ದಿ ನೋಡಬೇಕು. ಒಣಗಿದಾಗ ಕಾಣದ ಪಟ್ಟೆ, ಬಿರುಕು ಎರಡೂ ಒದ್ದೆಯಲ್ಲಿ ಕಾಣುತ್ತವೆ. ಒದ್ದೆ ಮಾಡಿ ಬಿಟ್ಟಾಗ ಬಿರುಕಿನ ಗೆರೆ ಕೊನೆಯಲ್ಲಿ ಒಣಗುತ್ತದೆ. ಆ ಗೆರೆಯ ಮೇಲೇ ಕೊಯ್ದರೆ ನಷ್ಟವಿಲ್ಲ, ಅದನ್ನು ಒಡಲೊಳಗೆ ಬಿಟ್ಟುಕೊಂಡರೆ ಆಮೇಲೆ ಪಾಲಿಶ್ ಹೊತ್ತಿನಲ್ಲಿ ಕಲ್ಲು ಎರಡಾಗುತ್ತದೆ. ತಳ ಅಲುಗಾಡುವ ಕಲ್ಲನ್ನು ಕೈಯಲ್ಲಿ ಹಿಡಿದು ತಳ್ಳಬಾರದು, ಅದು ಹೊರಳಿದರೆ ಬ್ಲೇಡು ಬಾಗುತ್ತದೆ. ಬ್ಲೇಡು ಕೊಯ್ಯದೆ ಬರೀ ಜಾರತೊಡಗಿದರೆ ಅದು ಮೊಂಡಾಗಿದೆ ಎಂದು ಎಸೆಯುವುದು ಬೇಡ. ವಜ್ರದ ಕಣಗಳನ್ನು ಲೋಹ ಮುಚ್ಚಿಕೊಂಡಿರುತ್ತದೆ ಅಷ್ಟೆ. ಮೆದು ಇಟ್ಟಿಗೆಯನ್ನೋ ಹಳೆಯ ಕಾರ್ಬೊರಂಡಂ ಚಕ್ರದ ಚೂರನ್ನೋ ಕೆಲವು ಬಾರಿ ಕೊಯ್ದರೆ ಲೋಹ ಸವೆದು ಹೊಸ ಕಣಗಳು ಮೇಲೆ ಬರುತ್ತವೆ.

ಸ್ಲ್ಯಾಬಿನ ಮೇಲೆ ಆಕಾರ ಬರೆದುಕೊಳ್ಳಲು ಪೆನ್ನು ನಡೆಯುವುದಿಲ್ಲ, ನೀರಿಗೆ ಅಳಿಸಿಹೋಗುತ್ತದೆ. ಅಲ್ಯೂಮಿನಿಯಂ ತಂತಿಯ ಮೊನೆಯಿಂದ ಗೀಚಿದ ಗೆರೆ ಕೊನೆಯವರೆಗೆ ಉಳಿಯುತ್ತದೆ. ಗೆರೆಯ ಹೊರಗಿನದನ್ನು ಕೊಯ್ದು ತೆಗೆದ ಮೇಲೆ, ಕಲ್ಲಿನ ಬೆನ್ನಿಗೆ ಅರಗಿನಿಂದ ಕಡ್ಡಿ ಅಂಟಿಸಿ ಹಿಡಿ ಮಾಡಿಕೊಳ್ಳುವುದು ಹಳೆಯ ಪದ್ಧತಿ. ಕಲ್ಲನ್ನೂ ಸ್ವಲ್ಪ ಬಿಸಿ ಮಾಡದಿದ್ದರೆ ಅರಗು ಹಿಡಿಯುವುದಿಲ್ಲ. ಬಿಡಿಸಬೇಕಾದಾಗ ಫ್ರೀಜರಿನಲ್ಲಿಟ್ಟರೆ ಸಾಕು, ಅರಗು ಕುಗ್ಗಿ ಕಲ್ಲು ತಾನೇ ಕಳಚುತ್ತದೆ. ಬಿಸಿ ತಾಳದ ಓಪಲ್‌ನಂಥವಕ್ಕೆ ಫೆವಿಕ್ವಿಕ್ ಬಗೆಯ ಅಂಟು ಹಾಕಿ, ಆಮೇಲೆ ಅಸಿಟೋನ್‌ನಲ್ಲಿ ನೆನೆಸಿ ಬಿಡಿಸುತ್ತಾರೆ.

ಇನ್ನು ಮೇಲುಬ್ಬಿದ, ಮುಖಗಳಿಲ್ಲದ ನುಣುಪು ಕಲ್ಲು, ಅಂದರೆ ಕ್ಯಾಬೋಷಾನ್ ಮಾಡುವ ಚಕ್ರಗಳು. ಸಾಮಾನ್ಯ ಯಂತ್ರದಲ್ಲಿ 80, 220, 280, 600, 1200, 3000, 14,000 ಎಂಬ ಅಂಕಿಗಳ ಪೈಕಿ ಆರು ಚಕ್ರಗಳು ಒಂದೇ ಅಚ್ಚಿನಲ್ಲಿರುತ್ತವೆ. ಅಂಕಿ ಏರಿದಷ್ಟೂ ಕಣ ಸಣ್ಣದು. 80ರ ಕಣ ಸುಮಾರು 0.2 ಮಿಲಿಮೀಟರ್, 14,000ದ್ದು ಮಿಲಿಮೀಟರಿನ ಸಾವಿರದ ಒಂದೆರಡು ಪಾಲು. 80ರಲ್ಲಿ ಆಕಾರ ಕೊಟ್ಟು ಮುಗಿಸಬೇಕು. ಅದರ ಮುಂದಿನ ಪ್ರತಿ ಚಕ್ರಕ್ಕೂ ಇರುವುದು ಒಂದೇ ಕೆಲಸ, ಹಿಂದಿನ ಚಕ್ರದ ಗೀರನ್ನು ಪೂರ್ತಿ ಅಳಿಸುವುದು. ಒದ್ದೆ ಕಲ್ಲು ಯಾವಾಗಲೂ ಚೆಂದವೇ, ನೀರು ಗೀರುಗಳನ್ನು ತುಂಬಿ ಮರೆಮಾಡುತ್ತದೆ. ಪ್ರತಿ ಹಂತದಲ್ಲೂ ಕಲ್ಲನ್ನು ತೊಳೆದು ಒರೆಸಿ, ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಬೇಕು. 1200ರಲ್ಲಿ ಒಂದು ಆಳದ ಗೀರು ಕಂಡರೆ ಅಲ್ಲೇ ಉಜ್ಜುತ್ತ ಕೂರದೆ ಮತ್ತೆ 280ಕ್ಕೆ ಇಳಿಯಬೇಕು. ಯಂತ್ರ ಎಷ್ಟೇ ದುಬಾರಿಯಾಗಿರಲಿ, ಹಿಂದಕ್ಕೆ ಹೋಗಲು ಮನಸ್ಸಿಲ್ಲದವರ ಕಲ್ಲಿಗೆ ನಿಜವಾದ ಹೊಳಪು ಬರುವುದಿಲ್ಲ. ಚಕ್ರದ ಮೇಲೆ ಕಲ್ಲನ್ನು ಒಂದೇ ಕಡೆ ನಿಲ್ಲಿಸಿದರೆ ಚಪ್ಪಟೆ ಕಲೆ ಬೀಳುತ್ತದೆ, ಮಣಿಕಟ್ಟು ಸದಾ ಆಡುತ್ತಿರಬೇಕು.

ಇಷ್ಟು ಖರ್ಚು ಬೇಡವೆಂದರೆ ಗ್ರಾನೈಟ್ ಪಾಲಿಶಿನವರು ಬಳಸುವ 4 ಅಂಗುಲದ ವಜ್ರದ ಪ್ಯಾಡುಗಳಿವೆ. ಬಣ್ಣದ ಅಂಗಡಿಯ ವಾಟರ್ ಪೇಪರ್ ಇದ್ದೇ ಇದೆ. ಅದರಲ್ಲೊಂದು ಸೂಕ್ಷ್ಮ: ಅಂಕಿಯ ಹಿಂದೆ ‘ಪಿ’ ಇರುವ ಕಾಗದಕ್ಕೂ ಇಲ್ಲದ ಕಾಗದಕ್ಕೂ ಅಳತೆ ಬೇರೆ. ಪಿ600 ಕಾಗದದ ಕಣ, ಅಮೆರಿಕದ ಅಳತೆಯ 600ಕ್ಕಿಂತ ದಪ್ಪ. ಎರಡನ್ನೂ ಬೆರೆಸಿಕೊಂಡರೆ ಗೀರು ಎಲ್ಲಿಂದ ಬಂತೆಂದು ತಿಳಿಯದೆ ತಲೆ ಕೆಡುತ್ತದೆ. ಬಳಪದ ಕಲ್ಲಿಗೆ, ಅಮೃತಶಿಲೆಗೆ ಅರವೂ ವಾಟರ್ ಪೇಪರೂ ಧಾರಾಳ ಸಾಕು. ಹೊಯ್ಸಳರ ಶಿಲ್ಪಿಗಳು ಬೇಲೂರು ಹಳೇಬೀಡುಗಳಲ್ಲಿ ಆರಿಸಿಕೊಂಡದ್ದೂ ಅಂಥ ಮೆದು ಕಲ್ಲನ್ನೇ. ಅಗೇಟನ್ನು ಕೈಯಲ್ಲಿ ಉಜ್ಜಿ ಹೊಳೆಯಿಸಬಹುದು, ಆದರೆ ತಾಳ್ಮೆ ಖಂಭಾತ್‌ನವರದ್ದಿರಬೇಕು.

ಕೊನೆಯ ಹೊಳಪು ಬರೀ ಸಣ್ಣ ಗೀರಿನಿಂದ ಬರುವುದಲ್ಲ. ಬೆಣಚಿನ ಜಾತಿಯ ಕಲ್ಲಿಗೆ ಸೀರಿಯಂ ಆಕ್ಸೈಡ್ ಅಷ್ಟು ಚೆನ್ನಾಗಿ ಒಗ್ಗುವುದು ಅದು ಮೇಲ್ಮೈಯೊಡನೆ ರಾಸಾಯನಿಕವಾಗಿಯೂ ವರ್ತಿಸುವುದರಿಂದ. ಗಾಜಿನ ಪಾಲಿಶಿಗೂ ಅದನ್ನೇ ಬಳಸುತ್ತಾರೆ. ತೊಗಲು ಅಥವಾ ಫೆಲ್ಟ್ ಮೇಲೆ ಅದರ ತೆಳು ಪೇಸ್ಟ್ ಸವರಿ, ಇನ್ನೇನು ಒಣಗುತ್ತದೆ ಅನ್ನುವಾಗ ಕಲ್ಲು ಕೈಯನ್ನು ಎಳೆಯತೊಡಗುತ್ತದೆ. ಹೊಳಪು ಏಳುವುದು ಆಗಲೇ, ಕಲ್ಲು ಬಿಸಿಯಾಗಿ ಸೀಳುವ ಅಪಾಯವೂ ಆಗಲೇ. ಜೇಡ್‌ಗೆ ಕ್ರೋಮಿಯಂ ಆಕ್ಸೈಡ್, ಮಾಣಿಕ್ಯ ನೀಲಗಳಿಗೆ ಸೂಕ್ಷ್ಮ ವಜ್ರದ ಪೇಸ್ಟ್ ಎಂದು ಕಲ್ಲಿಗೊಂದು ಪುಡಿ ಇದೆ.

ಟಂಬ್ಲರ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಪೀಪಾಯಿಯನ್ನು ಮೂರರಲ್ಲಿ ಎರಡು ಭಾಗಕ್ಕೂ ಸ್ವಲ್ಪ ಮೇಲೆ ತುಂಬಿ, ಒಂದೇ ಗಡಸುತನದ ಕಲ್ಲುಗಳನ್ನು ಒಟ್ಟಿಗೆ ಹಾಕಿ, ನಾಲ್ಕು ಹಂತಗಳನ್ನು ಹಂತಕ್ಕೊಂದು ವಾರದಂತೆ ನಡೆಸಿದರೆ ಮಕ್ಕಳೂ ಮಾಡಬಹುದಾದ ಕೆಲಸ. ಹಂತ ಬದಲಿಸುವಾಗ ಹಿಂದಿನ ಪುಡಿಯ ಒಂದು ಕಣ ಉಳಿದರೂ ಇಡೀ ವಾರ ವ್ಯರ್ಥ. ಕಲ್ಲಿಗೆ ಚಪ್ಪಟೆ ಮುಖಗಳನ್ನು ಕಡೆಯುವುದು ಇದಕ್ಕೆ ತೀರ ವಿರುದ್ಧ ತುದಿಯ ವಿದ್ಯೆ, ಅದರ ಹಿಂದೆ ಬೆಳಕಿನ ಲೆಕ್ಕವಿದೆ. ಸ್ಫಟಿಕದ ವಕ್ರೀಭವನ ಸೂಚ್ಯಂಕ ಸುಮಾರು 1.54. ಅದರಿಂದ ಬರುವ ಸಂದಿಗ್ಧ ಕೋನ ಸುಮಾರು 40.4 ಡಿಗ್ರಿ. ತಳದ ಮುಖಗಳನ್ನು ಅದಕ್ಕಿಂತ ಕಡಿಮೆ ಕೋನದಲ್ಲಿ ಕಡೆದರೆ ಮೇಲಿಂದ ಬಂದ ಬೆಳಕು ಹಿಂದಿರುಗದೆ ತಳದಿಂದ ಸೋರಿಹೋಗುತ್ತದೆ, ಕಲ್ಲಿನ ನಡುವೆ ಕಿಟಕಿ ತೆರೆದಂತೆ ಬೋಳಾಗಿ ಕಾಣುತ್ತದೆ. ಕುರಂದಕ್ಕೆ ಆ ಕೋನ 35 ಡಿಗ್ರಿಯೊಳಗೇ ಇರುವುದರಿಂದ ಮಾಣಿಕ್ಯವನ್ನು ಇನ್ನೂ ತೆಳುವಾಗಿ ಕಡೆಯಬಹುದು. 96 ಹಲ್ಲುಗಳ ಸೂಚಿ ಚಕ್ರವಿರುವ ಯಂತ್ರ ಇದನ್ನು ಯಾರಿಗಾದರೂ ಸಾಧ್ಯ ಮಾಡಿಕೊಡುತ್ತದೆ. ಜೈಪುರದ ಹಳೆಯ ಕಾರಿಗರರು ತೂತುಗಳಿರುವ ಮರದ ಗೂಟಕ್ಕೆ ಕಡ್ಡಿಯ ತುದಿ ಆನಿಸಿ, ಕೈಯಂದಾಜಿನಲ್ಲೇ ಕಡೆಯುತ್ತಿದ್ದರು. ಬಿಡುವಿನ ವೇಳೆಯಲ್ಲಿ ಕಲ್ಲು ಹಿಡಿಯುವವರಿಗೆ ಆ ಕೈ ಬರುವುದು ಕಷ್ಟ.

ಈಗ ರಾಳದ ವಿಚಾರ. ಹವ್ಯಾಸಿಗಳ ನಡುವೆ ಅತಿ ಹೆಚ್ಚು ಚರ್ಚೆಯಾಗುವುದೂ, ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇಲ್ಲಿಯೇ. ಇದರ ತವರು ಅಮೆರಿಕದ ನೈಋತ್ಯದ ಟರ್ಕ್ವಾಯ್ಸ್ ಗಣಿಗಳು. ನಮ್ಮಲ್ಲಿ ಫಿರೋಜಾ ಎನ್ನುವ ಈ ನೀಲಿ ಕಲ್ಲು ತಾಮ್ರ ಮತ್ತು ಅಲ್ಯೂಮಿನಿಯಂನ ಜಲಯುಕ್ತ ಫಾಸ್ಫೇಟ್. ಗಣಿಯಿಂದ ಬರುವುದರಲ್ಲಿ ಗಟ್ಟಿಯಾದದ್ದು ಸ್ವಲ್ಪವೇ, ಬಹುಪಾಲು ಸೀಮೆಸುಣ್ಣದ ಹಾಗೆ ಮೆದು, ನೀರು ಹೀರುವಂಥದ್ದು. ಮೈಯ ಬೆವರು, ಎಣ್ಣೆ ತಾಗಿದರೆ ಹಸಿರಾಗುತ್ತದೆ. ಹಿಂದೆ ಇದಕ್ಕೆ ಮೇಣ ಕುಡಿಸುತ್ತಿದ್ದರು. 1950ರ ದಶಕದಿಂದ ಅರಿಜೋನಾದ ಕಡೆ ಒತ್ತಡದಲ್ಲಿ ರಾಳ ತುಂಬುವ ಪದ್ಧತಿ ಬೆಳೆಯಿತು. ಇವತ್ತು ಮಾರುಕಟ್ಟೆಯ ಟರ್ಕ್ವಾಯ್ಸ್‌ನಲ್ಲಿ ಬಹುಪಾಲು ಒಂದಲ್ಲ ಒಂದು ರೀತಿ ಸಂಸ್ಕರಿಸಿದ್ದೇ. ಜೇಮ್ಸ್ ಝಾಕರಿ ಎಂಬ ಎಂಜಿನಿಯರ್ ರಾಳವೇ ಇಲ್ಲದೆ ಕಲ್ಲಿನ ರಂಧ್ರ ಕಡಿಮೆ ಮಾಡುವ ವಿಧಾನ ರೂಪಿಸಿದರು. 1999ರಲ್ಲಿ ‘ಜೆಮ್ಸ್ ಆ್ಯಂಡ್ ಜೆಮಾಲಜಿ’ ಪತ್ರಿಕೆಯಲ್ಲಿ ಅದರ ಅಧ್ಯಯನ ಬಂದಾಗ, ಅಂಥ ಕಲ್ಲಿನಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದೇ ಅದರ ಗುರುತೆಂದು ತಿಳಿಯಿತು.

ಮನೆಯಲ್ಲಿ ಮಾಡಬಹುದಾದದ್ದು ನಿರ್ವಾತ ವಿಧಾನ. ಒಂದು ಗಟ್ಟಿ ಪಾತ್ರೆ, ಪಾರದರ್ಶಕ ಮುಚ್ಚಳ, ಪುಟ್ಟ ವ್ಯಾಕ್ಯೂಮ್ ಪಂಪು, ನೀರಿನಷ್ಟು ತೆಳುವಾದ ರಾಳ ಬೇಕು. ಮೊದಲ ಹೆಜ್ಜೆ ಕಲ್ಲನ್ನು ಒಣಗಿಸುವುದು, ಎಲ್ಲರೂ ಅವಸರ ಮಾಡುವುದು ಇಲ್ಲಿಯೇ. ರಂಧ್ರದಲ್ಲಿ ನೀರಿದ್ದರೆ ರಾಳಕ್ಕೆ ಜಾಗವಿಲ್ಲ. ಕುದಿಬಿಂದುವಿಗಿಂತ ಕೆಳಗಿನ ಹಿತವಾದ ಬಿಸಿಯಲ್ಲಿ ದಿನಗಟ್ಟಲೆ ಬಿಟ್ಟು, ತೂಕ ಇಳಿಯುವುದು ನಿಂತ ಮೇಲಷ್ಟೇ ಮುಂದಿನ ಕೆಲಸ. ಆರಿದ ಕಲ್ಲನ್ನು ರಾಳದಲ್ಲಿ ಮುಳುಗಿಸಿ ಪಂಪು ಹಾಕಿದರೆ ಗುಳ್ಳೆಗಳು ಏಳುತ್ತವೆ. ರಾಳ ಒಳಗೆ ಹೋಗುತ್ತಿದೆ ಎಂದು ಹಲವರು ತಿಳಿಯುತ್ತಾರೆ. ಆಗ ಆಗುತ್ತಿರುವುದು ಗಾಳಿ ಹೊರಬರುವುದಷ್ಟೆ. ಗುಳ್ಳೆ ನಿಂತ ಮೇಲೆ ಪಾತ್ರೆಗೆ ಗಾಳಿ ಬಿಟ್ಟಾಗ, ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರದ ವಾಯುಮಂಡಲವೇ ರಾಳವನ್ನು ಖಾಲಿ ರಂಧ್ರಗಳಿಗೆ ನೂಕುತ್ತದೆ. ಆದ್ದರಿಂದ ಗಾಳಿ ಬಿಟ್ಟ ಮೇಲೆ ಕಲ್ಲನ್ನು ರಾಳದಲ್ಲೇ ಬಹಳ ಹೊತ್ತು ಬಿಡಬೇಕು. ಹೊರಗೆ ತೆಗೆದು, ರಾಳದ ಜಾತಿಗೆ ತಕ್ಕಂತೆ ಬಿಸಿಯಲ್ಲೋ ಬಿಸಿಯಿಲ್ಲದೆಯೋ ಗಟ್ಟಿಯಾಗಲು ಬಿಡುವುದು ಕೊನೆಯ ಹಂತ. ಅಡುಗೆಯ ಓವನ್ ಇದಕ್ಕೆ ಕೂಡದು, ಹಳೆಯದೊಂದನ್ನು ಬೇರೆಯೇ ಇಟ್ಟುಕೊಳ್ಳಬೇಕು.

ಪಂಪಿಲ್ಲದವರು ಎಪಾಕ್ಸಿಯನ್ನು ಅಸಿಟೋನ್‌ನಲ್ಲಿ ತೆಳುಮಾಡಿ, ಮುಚ್ಚಿದ ಗಾಜಿನ ಸೀಸೆಯಲ್ಲಿ ಕಲ್ಲನ್ನು ನೆನೆಹಾಕುತ್ತಾರೆ. ಅಸಿಟೋನ್ ಆವಿ ಕಿಡಿಗೆ ಕಾಯುತ್ತಿರುತ್ತದೆ, ಆ ಕಲ್ಲು ಪೂರ್ತಿ ಆರುವ ಮೊದಲು ಬಿಸಿಯ ಹತ್ತಿರ ಒಯ್ಯಬಾರದು. ಅಸಿಟೋನ್ ಹೆಚ್ಚಾದಷ್ಟೂ ಒಳಗೆ ಉಳಿಯುವ ರಾಳ ಕಡಿಮೆ, ಗಟ್ಟಿತನವೂ ಕಡಿಮೆ. ಎಪಾಕ್ಸಿ ಬರಿಗೈಗೆ ಪದೇ ಪದೇ ತಾಗಿದರೆ ಕೆಲವರಿಗೆ ಶಾಶ್ವತವಾದ ಅಲರ್ಜಿಯೇ ಹತ್ತಿಬಿಡುತ್ತದೆ, ನೈಟ್ರೈಲ್ ಕೈಗವಸು ಬೇಕೇ ಬೇಕು. ಮೇಲ್ಮೈಯ ಸಣ್ಣ ಬಿರುಕಿಗೆ ತೆಳು ಸೈನೊಆಕ್ರಿಲೇಟ್ ಅಂಟಿನ ಒಂದು ಹನಿ ಸಾಕು, ಕೇಶನಾಳದ ಸೆಳೆತದಿಂದ ಅದು ತಾನೇ ಒಳಗಿಳಿಯುತ್ತದೆ. ವಸ್ತುಸಂಗ್ರಹಾಲಯಗಳ ಸಂರಕ್ಷಕರು ಪಳೆಯುಳಿಕೆಗಳಿಗೆ ಬಳಸುವುದು ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು. ಮುಂದೆ ಬೇಡವೆನಿಸಿದರೆ ಅದನ್ನು ಅಸಿಟೋನ್‌ನಲ್ಲಿ ಕರಗಿಸಿ ಹೊರತೆಗೆಯಬಹುದು, ಎಪಾಕ್ಸಿಗೆ ಆ ಗುಣವಿಲ್ಲ. ಆಭರಣದ ಒತ್ತಡ ತಡೆಯುವಷ್ಟು ಬಲ ಬಿ-72ಕ್ಕಿಲ್ಲವೆಂಬುದೂ ಅಷ್ಟೇ ನಿಜ.

ಬಿರುಕು ತುಂಬುವುದರಲ್ಲಿ ಇನ್ನೊಂದು ಉದ್ದೇಶವಿದೆ, ಕಣ್ಣಿಗೆ ಕಾಣದಂತೆ ಮಾಡುವುದು. ಪಚ್ಚೆಯ ಸೂಚ್ಯಂಕ ಸುಮಾರು 1.58, ದೇವದಾರು ಎಣ್ಣೆಯದ್ದು 1.51ರ ಹತ್ತಿರ. ಬಿರುಕಿನಲ್ಲಿ ಗಾಳಿಯ ಬದಲು ಎಣ್ಣೆ ಕೂತರೆ ಬೆಳಕು ಅಲ್ಲಿ ಹೆಚ್ಚು ಬಾಗುವುದಿಲ್ಲ, ಬಿರುಕು ಮಾಯವಾದಂತೆ ತೋರುತ್ತದೆ. ಇದು ಶತಮಾನಗಳ ಪದ್ಧತಿ, ವ್ಯಾಪಾರ ಒಪ್ಪಿಕೊಂಡದ್ದು. ಬಣ್ಣ ಬೆರೆಸಿದ ಎಣ್ಣೆ ಮಾತ್ರ ಒಪ್ಪತಕ್ಕದ್ದಲ್ಲ.

ರಾಳ ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ನಮ್ಮದೇ ಒಂದು ಕಲ್ಲು ಒಳ್ಳೆಯ ಉದಾಹರಣೆ. ಹಸಿರು ಫುಕ್ಸೈಟ್ ನಡುವೆ ಗುಲಾಬಿ ಮಾಣಿಕ್ಯ, ಸುತ್ತ ಒಮ್ಮೊಮ್ಮೆ ನೀಲಿ ಕಯನೈಟ್‌ನ ಉಂಗುರ: ಮೈಸೂರು ಕಡೆಯಿಂದ ಹೋಗುವ ಈ ಕಲ್ಲನ್ನು ಜಗತ್ತಿನ ಹವ್ಯಾಸಿಗಳೆಲ್ಲ ಬಲ್ಲರು. ಫುಕ್ಸೈಟ್ ಒಂದು ಅಭ್ರಕ, ಗಡಸುತನ 2ರಿಂದ 3. ಮಾಣಿಕ್ಯದ್ದು 9. ಚಕ್ರಕ್ಕೆ ಒತ್ತಿದರೆ ಹಸಿರು ಭಾಗ ಸವೆದು ಗುಂಡಿಯಾಗುತ್ತದೆ, ಮಾಣಿಕ್ಯ ಗುಳ್ಳೆಯಂತೆ ಎದ್ದು ನಿಲ್ಲುತ್ತದೆ. ಮೊದಲೇ ರಾಳ ಕುಡಿಸಿದರೆ ಅಭ್ರಕದ ಪದರ ಏಳುವುದು ನಿಲ್ಲುತ್ತದೆ, ನಿಜ. ಆದರೆ ರಾಳವೂ ಮೆದುವೇ. 2 ಇದ್ದದ್ದು 9 ಆಗುವುದಿಲ್ಲ. ಹೊಸ ವಜ್ರದ ಗಡುಸು ಚಕ್ರ, ಹಗುರ ಒತ್ತು, ಮೆತ್ತನೆಯ ಫೆಲ್ಟಿನಿಂದ ದೂರ ಉಳಿಯುವುದು, ಇವೇ ಹೆಚ್ಚು ಕೆಲಸ ಮಾಡುವುದು. ಇಥಿಯೋಪಿಯಾದ ವೆಲೊ ಓಪಲ್ 2008ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಇಂಥದ್ದೇ ಪಾಠ ಕಲಿಸಿತು. ಅದು ನೀರು ಕುಡಿದು ಪಾರದರ್ಶಕವಾಗುತ್ತದೆ, ಒಣಗಿದಾಗ ಮತ್ತೆ ಬಣ್ಣ ತಿರುಗುತ್ತದೆ. ರಾಳ ಕುಡಿಸಿದರೆ ಆ ಹಿಂದಿರುಗುವ ದಾರಿಯೇ ಮುಚ್ಚಿಹೋಗಬಹುದು. ನನ್ನ ಲೆಕ್ಕದಲ್ಲಿ ಹೊಸಬರು ರಾಳಕ್ಕೆ ಸುರಿಯುವ ದುಡ್ಡಿನಲ್ಲಿ ಮುಕ್ಕಾಲುಪಾಲು ಒಳ್ಳೆಯ ಅಗೇಟ್ ಕೊಳ್ಳಲು ಸಲ್ಲಬೇಕು.

ಇನ್ನುಳಿದದ್ದು ಧೂಳು. ಅಗೇಟ್, ಜಾಸ್ಪರ್, ಸ್ಫಟಿಕ ಎಲ್ಲವೂ ಸಿಲಿಕಾ. ಒಣಗಿ ಕೊಯ್ದಾಗ ಏಳುವ ಕಣ್ಣಿಗೆ ಕಾಣದ ಕಣಗಳು ಶ್ವಾಸಕೋಶದ ತೀರ ಒಳಗಿನ ಗಾಳಿಚೀಲಗಳಿಗೆ ಇಳಿದು ಅಲ್ಲೇ ಉಳಿಯುತ್ತವೆ. ಅದರಿಂದ ಬರುವ ಸಿಲಿಕೋಸಿಸ್‌ಗೆ ಔಷಧವಿಲ್ಲ. ಹಿಂದೆ ಹೊಗಳಿದ ಖಂಭಾತ್‌ನ ಇನ್ನೊಂದು ಮುಖ ಇದೇ. ಅಲ್ಲಿ ಕಲ್ಲು ಉಜ್ಜುವುದು ಬಹುಮಟ್ಟಿಗೆ ಮನೆಗಳಲ್ಲೇ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನಗಳಲ್ಲಿ ಸಾಣೆ ಹಿಡಿಯುವವರಲ್ಲಿ ಸಿಲಿಕೋಸಿಸ್, ಕ್ಷಯ ಎರಡೂ ಕಂಡುಬಂದವು. ಧೂಳನ್ನು ಹುಟ್ಟಿದಲ್ಲೇ ಹೀರುವ ಸಾಧನವನ್ನೂ ಸಂಸ್ಥೆ ರೂಪಿಸಿತು. ಅಡುಗೆಕಟ್ಟೆಗೆ ಬಳಸುವ ಕೃತಕ ಕಲ್ಲು ಕೊಯ್ಯುವವರಲ್ಲಿ ಇದೇ ರೋಗ ಹಬ್ಬಿದ್ದರಿಂದ ಆಸ್ಟ್ರೇಲಿಯ 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿತು. ಹವ್ಯಾಸಿಯ ಪ್ರಮಾಣ ಸಣ್ಣದು ಎಂದು ವಾದಿಸುವವರಿದ್ದಾರೆ. ಆದರೆ ಕಾರ್ಖಾನೆಯ ಕಾರ್ಮಿಕ ಸಂಜೆ ಧೂಳಿನಿಂದ ಮನೆಗೆ ಹೋಗುತ್ತಾನೆ, ಮನೆಯಲ್ಲೇ ಕೊಯ್ಯುವವನ ಧೂಳು ಅವನ ಮಕ್ಕಳು ಮಲಗುವ ಕೋಣೆಯಲ್ಲೂ ಇರುತ್ತದೆ.

ಆದ್ದರಿಂದ ಒಣ ಕೊಯ್ತ ಬೇಡವೇ ಬೇಡ. ನೀರು ಸದಾ ಹರಿಯುತ್ತಿರಬೇಕು, ಆದರೂ ಮುಖಕ್ಕೆ ಎನ್95 ಅಥವಾ ಪಿ100 ಮುಸುಕು ಬೇಕು. ಬಟ್ಟೆಯ ಮಾಸ್ಕ್, ಆಸ್ಪತ್ರೆಯ ನೀಲಿ ಮಾಸ್ಕ್ ಇದಕ್ಕೆ ಪ್ರಯೋಜನವಿಲ್ಲ. ಚಕ್ರದಿಂದ ಸಿಡಿಯುವ ಮಂಜಿನಲ್ಲೂ ಕಣಗಳಿರುತ್ತವೆ, ಏಪ್ರನ್ ಮೇಲೆ ಒಣಗಿದ ಬಗ್ಗಡ ಮತ್ತೆ ಧೂಳಾಗುತ್ತದೆ. ಗುಡಿಸುವುದರ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಮ್ಯಾಲಕೈಟ್‌ನಂಥ ತಾಮ್ರದ ಕಲ್ಲುಗಳ ಧೂಳು ವಿಷವೂ ಹೌದು. ಕೆಲವು ಸರ್ಪೆಂಟೈನ್‌ಗಳಲ್ಲಿ ಕಲ್ನಾರಿನ ಎಳೆಗಳಿರುತ್ತವೆ, ಗುರುತಿಲ್ಲದ ಹಸಿರು ಕಲ್ಲನ್ನು ಕೊಯ್ಯದಿರುವುದೇ ಜಾಣತನ. ರಾಳ ಕುಡಿದ ಕಲ್ಲನ್ನು ಉಜ್ಜುವಾಗ ಪ್ಲಾಸ್ಟಿಕ್ಕಿನ ಧೂಳೂ ಸೇರಿಕೊಳ್ಳುತ್ತದೆ. ಬಗ್ಗಡವನ್ನು ಬಚ್ಚಲಿಗೆ ಸುರಿದರೆ ಪೈಪಿನ ತಿರುವಿನಲ್ಲಿ ಕೂತು ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಬಕೆಟ್ಟಿನಲ್ಲಿ ತಂಗಲು ಬಿಟ್ಟು, ಮೇಲಿನ ತಿಳಿನೀರನ್ನು ಮತ್ತೆ ಯಂತ್ರಕ್ಕೆ ಹಾಕಿ, ಕೆಳಗಿನ ಕೆಸರನ್ನು ಹಸಿಯಾಗಿರುವಾಗಲೇ ಚೀಲಕ್ಕೆ ಕಟ್ಟಿ ಕಸಕ್ಕೆ ಕೊಡಬೇಕು.

ಮಾಡಿದ ಕಲ್ಲನ್ನು ಮಾರುವ, ಉಡುಗೊರೆ ಕೊಡುವ ಹೊತ್ತಿಗೆ ಒಂದು ಪ್ರಶ್ನೆ ಬರುತ್ತದೆ: ಒಳಗೆ ಏನಿದೆ ಎಂದು ಹೇಳಬೇಕೇ? ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಆಭರಣ ಮಾರ್ಗಸೂಚಿಯೂ, ವಿಶ್ವ ಆಭರಣ ಒಕ್ಕೂಟ ಸಿಬ್ಜೋದ ನಿಯಮಗಳೂ ಬೆಲೆಗೋ ಬಾಳಿಕೆಗೋ ಸಂಬಂಧಿಸಿದ ಸಂಸ್ಕರಣೆಯನ್ನು ಕೊಳ್ಳುವವರಿಗೆ ತಿಳಿಸಬೇಕೆನ್ನುತ್ತವೆ. ನಿಯಮ ಇರಲಿ ಬಿಡಲಿ, ತಿಳಿಸದಿದ್ದರೆ ಕಲ್ಲಿಗೇ ಕೇಡು. ರಾಳ ಕುಡಿಸಿದ ಪದಕವನ್ನು ಅಕ್ಕಸಾಲಿ ತಿಳಿಯದೆ ಬೆಸುಗೆಯ ಜ್ವಾಲೆಗೆ ಹಿಡಿದರೆ ಅದು ಸುಟ್ಟು ಕಪ್ಪಾಗುತ್ತದೆ. ಎಣ್ಣೆ ಕುಡಿಸಿದ ಪಚ್ಚೆಯನ್ನು ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದರೆ ಬಿರುಕುಗಳೆಲ್ಲ ಮತ್ತೆ ಕಾಣಿಸಿಕೊಳ್ಳುತ್ತವೆ. ಬಣ್ಣ ಹಾಕಿದ ಹೌಲೈಟ್ ಎಂಬ ಬಿಳಿ ಕಲ್ಲು ಫಿರೋಜಾ ಎಂಬ ಹೆಸರಲ್ಲಿ ಸಂತೆಯಲ್ಲಿ ಧಾರಾಳವಾಗಿ ಮಾರಾಟವಾಗುತ್ತದೆ, ಕೊಳ್ಳುವವರು ಅದನ್ನೂ ನೆನಪಿಡಬೇಕು. ಕಲ್ಲಿನ ಹೆಸರು, ಸಿಕ್ಕ ಊರು, ಕುಡಿಸಿದ ರಾಳ, ಕುಡಿಸಿದ ತಿಂಗಳು ಇಷ್ಟನ್ನು ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಹಾಕಿಡುವುದಕ್ಕೆ ಯಾವ ಯಂತ್ರವೂ ಬೇಡ. ರಾಳ ಹಾಕದ ಕಲ್ಲಿಗೂ ‘ಹಾಕಿಲ್ಲ’ ಎಂದು ಬರೆಯಬೇಕು, ಯಾಕೆಂದರೆ ಒಂದೇ ಡಬ್ಬಿಯಲ್ಲಿ ಎರಡೂ ಸೇರಿದ ಮೇಲೆ ಮಾಡಿದವರಿಗೂ ಗುರುತು ಸಿಗುವುದಿಲ್ಲ.